ಒಂದು ಬೀಟ್‌ಗೆ ಆರು ಫೋಟೋ

ನಮ್ಮ ಸ್ಟಾಪ್ ಮೋಷನ್ ವಿಡಿಯೋದ ನಾಯಕಿ ಚನ್ನಪಟ್ಟಣದ ಮರದ ಗೊಂಬೆ. ಸ್ಟಾಪ್ ಮೋಷನ್ ಅಂದ್ರೆ ಗೊಂಬೆಯನ್ನ ಚೂರು ಚೂರೇ ಸರಿಸುತ್ತಾ ಒಂದೊಂದೇ ಫೋಟೋ ತೆಗೆದು, ಎಲ್ಲವನ್ನೂ ಸಾಲಾಗಿ ಓಡಿಸೋದು. ಹಾಡು ನನ್ನ ರೂಮ್‌ಮೇಟ್ ಬರೆದು ಹಾಡಿದ್ದು, 2 ನಿಮಿಷ 40 ಸೆಕೆಂಡ್. ಸೆಕೆಂಡಿಗೆ 12 ಫ್ರೇಮ್ ಅಂದ್ರೆ 1,920 ಫೋಟೋ! ಲೆಕ್ಕ ನೋಡಿ ಎಲ್ಲರೂ ಸುಮ್ಮನಾಗಿಬಿಟ್ವಿ.

ದಾರಿ ತೋರಿಸಿದ್ದು ಹಾಡೇ. ಅದರ ವೇಗ ನಿಮಿಷಕ್ಕೆ 120 ಬೀಟ್, ಅಂದ್ರೆ ಒಂದು ಬೀಟ್‌ಗೆ ಸರಿಯಾಗಿ ಆರು ಫ್ರೇಮ್. ಹಳೇ ರೆಕಾರ್ಡ್ ಬುಕ್ಕಲ್ಲಿ ಗೆರೆ ಎಳೆದು, ಯಾವ ಫ್ರೇಮಿಗೆ ಗೊಂಬೆ ವಾಲಬೇಕು, ಯಾವುದಕ್ಕೆ ಬುಗುರಿ ಬೀಳಬೇಕು ಅಂತ ಬರ್ಕೊಂಡ್ವಿ. ಪಲ್ಲವಿ ಮರಳಿದಾಗೆಲ್ಲ ಅದೇ ಕುಣಿತದ ಫೋಟೋಗಳು ಸಾಕು ಅಂತ ಹೊಳೆದದ್ದು ಆವಾಗಲೇ. ಎಷ್ಟು ಹಗುರಾಯ್ತು ಗೊತ್ತಾ!

ಆದರೂ ಮೊದಲ ದಿನದ 200 ಫೋಟೋ ಕೈಬಿಡಬೇಕಾಯ್ತು. ನನಗದು ನಿಜಕ್ಕೂ ನೋವು. ಕಿಟಕಿಯಾಚೆ ಮೋಡ ಸರಿದಾಗಲೆಲ್ಲ ಗೊಂಬೆಯ ಅರಗಿನ ಹೊಳಪು ಬದಲಾಗಿ, ಓಡಿಸಿ ನೋಡಿದ್ರೆ ಬರೀ ಮಿಣುಕು. ಮಾರನೇ ದಿನ ಕಿಟಕಿಗೆ ಕಂಬಳಿ ಕಟ್ಟಿ, ಟೇಬಲ್ ಲ್ಯಾಂಪಿನ ಮುಂದೆ ಬಟರ್ ಪೇಪರ್ ಇಳಿಬಿಟ್ಟು, ಫೋನಿನ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡಿದ್ವಿ. ಫೋನ್ ಮುಟ್ಟದೆ ಇಯರ್‌ಫೋನಿನ ವಾಲ್ಯೂಮ್ ಗುಂಡಿಯಿಂದಲೇ ಕ್ಲಿಕ್.

ರಾತ್ರಿ ಮೊದಲ ಎಂಟು ಸೆಕೆಂಡ್ ಓಡಿಸಿದ್ವಿ. ಗೊಂಬೆ ಸರಿಯಾಗಿ ಬೀಟ್‌ಗೇ ವಾಲ್ತು. ಹಾಡಿದವಳು ಮಾತಾಡದೆ ಮತ್ತೆ ಪ್ಲೇ ಒತ್ತಿದಳು.