ಆಂಪ್‌ಗೆ ಬೇರೆ ಕಂಪನಿಯ ಫುಟ್‌ಸ್ವಿಚ್: ಗುಂಡಿ ಎಣಿಸಿ ಕೊಳ್ಳಬೇಡಿ

ಗಿಟಾರ್ ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಪೆಟ್ಟಿಗೆ), ಡ್ರಮ್ ಸೆಟ್ ಬಾಡಿಗೆಗೆ ಕೊಡುವ ಕಡೆ ನನ್ನ ಕೆಲಸ. ಬೆಂಗಳೂರಿನ ಶೋಗಳಿಗೆ ಹೋಗಿ ಬರುವ ಸಾಮಾನಿನಲ್ಲಿ ಮೊದಲು ಕಾಣೆಯಾಗುವುದು ಫುಟ್‌ಸ್ವಿಚ್, ಅಂದರೆ ಆಂಪ್‌ನ ಚಾನೆಲ್ (ಮೆದು ಸೌಂಡ್, ಗಡಸು ಸೌಂಡ್ ಹೀಗೆ) ಕಾಲಲ್ಲೇ ಬದಲಿಸುವ ಗುಂಡಿ ಡಬ್ಬಿ. ಯಾರದೋ ಕೇಬಲ್ ಬ್ಯಾಗಿಗೆ ಸೇರಿಕೊಂಡು ಹೋಗಿಬಿಡುತ್ತದೆ. ಆಂಪ್ ಮಾಡಿದ ಕಂಪನಿಯದ್ದೇ ತರಿಸೋಣ ಅಂದರೆ, ಎರಡು ಗುಂಡಿಯ ಡಬ್ಬಿಗೆ ಅಷ್ಟು ದುಡ್ಡಾ ಅಂತ ಓನರ್ ಮುಖ ಸಿಂಡರಿಸುತ್ತಾರೆ. ಹಾಗಾಗಿ ಬೇರೆ ಕಂಪನಿಯದ್ದು ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮಾರುವವರು ಎಲ್ಲದರ ಮೇಲೂ 'ಯೂನಿವರ್ಸಲ್' ಅಂತ ಬರೆದಿರುತ್ತಾರೆ. ಹಾಗೊಂದು ವಸ್ತು ಇಲ್ಲ.

ಮೊದಲು ನೋಡಬೇಕಾದದ್ದು ಸ್ವಿಚ್ ಲ್ಯಾಚಿಂಗಾ, ಮೊಮೆಂಟರಿನಾ ಅಂತ. ಲ್ಯಾಚಿಂಗ್ ಅಂದರೆ ಮನೆಯ ಲೈಟ್ ಸ್ವಿಚ್ಚು, ಹಾಕಿದರೆ ಹಾಕಿದ ಹಾಗೇ ಇರುತ್ತದೆ. ಮೊಮೆಂಟರಿ ಕಾಲಿಂಗ್ ಬೆಲ್ಲಿನ ಹಾಗೆ, ಒತ್ತಿದಷ್ಟು ಹೊತ್ತು ಮಾತ್ರ. ಲ್ಯಾಚಿಂಗ್ ಬೇಕಾದ ಆಂಪ್‌ಗೆ ಮೊಮೆಂಟರಿ ಹಾಕಿದರೆ ಸೋಲೋ ಮುಗಿಯುವವರೆಗೂ ಕಾಲು ಎತ್ತುವ ಹಾಗಿಲ್ಲ. ಉಲ್ಟಾ ಆದರೆ ಚಾನೆಲ್ ಬದಲಿಸಲು ಪ್ರತಿ ಸಲ ಎರಡೆರಡು ಬಾರಿ ತುಳಿಯಬೇಕು. ಬಾಸ್ ಕಂಪನಿಯ ಎಫ್‌ಎಸ್-5ಯು ಮೊಮೆಂಟರಿ, ಎಫ್‌ಎಸ್-5ಎಲ್ ಲ್ಯಾಚಿಂಗ್. ನೋಡಲು ಅಣ್ಣತಮ್ಮಂದಿರು. ಅವಸರದಲ್ಲಿ ಆರ್ಡರ್ ಮಾಡುವವರು ಸಿಕ್ಕಿಬೀಳುವುದು ಇಲ್ಲೇ.

ಆಮೇಲೆ ಪ್ಲಗ್. ಹಳೆಯ ಫೆಂಡರ್ ಟ್ವಿನ್ ರಿವರ್ಬ್‌ಗೆ ಬೇಕಾಗುವುದು ಹಳೇ ಟೇಪ್ ಡೆಕ್‌ಗಳಲ್ಲಿ ಇರುತ್ತಿದ್ದ ಆರ್‌ಸಿಎ ಪ್ಲಗ್. ವಾಕ್ಸ್ ಎಸಿ15 ಕಸ್ಟಮ್‌ಗೆ ಕಾಲಿಂಚಿನ ಸ್ಟೀರಿಯೋ ಜ್ಯಾಕ್. ಅದರಲ್ಲಿ ತುದಿಗೆ ಒಂದು ಸ್ವಿಚ್ಚು, ಮಧ್ಯದ ರಿಂಗಿಗೆ ಇನ್ನೊಂದು, ಬುಡ ಎರಡಕ್ಕೂ ಕಾಮನ್. ಆ ಜಾಗಕ್ಕೆ ರಿಂಗ್ ಇಲ್ಲದ, ಗಿಟಾರಿನ ಮೋನೋ ಕೇಬಲ್ ಚುಚ್ಚಿದರೆ ಆಂಪ್ ಒಳಗಿನ ರಿಂಗಿನ ಸಂಪರ್ಕ ಪ್ಲಗ್‌ನ ಬುಡಕ್ಕೆ ತಾಗಿ ಶಾರ್ಟ್ ಆಗುತ್ತದೆ. ಒಂದು ಸ್ವಿಚ್ಚು ಒತ್ತಿ ಹಿಡಿದ ಹಾಗೇ ನಿಂತುಬಿಡುತ್ತದೆ. ಫುಟ್‌ಸ್ವಿಚ್ ಕೆಟ್ಟಿದೆ ಅಂತ ಬರುವ ಫೋನುಗಳಲ್ಲಿ ಜಾಸ್ತಿ ಇದೇ ಕಥೆ.

ಮ್ಯಾನುಯಲ್ ಇಲ್ಲದ ಆಂಪ್ ಬಂದರೆ ನಾನು ಹೀಗೆ ಮಾಡುತ್ತೇನೆ. ಫುಟ್‌ಸ್ವಿಚ್ ತೂತಿಗೆ ಮಾಮೂಲಿ ಗಿಟಾರ್ ಕೇಬಲ್ ಹಾಕಿ, ಇನ್ನೊಂದು ಕೊನೆಯ ತುದಿ ಮತ್ತು ಬುಡಕ್ಕೆ ಒಂದು ತುಂಡು ವೈರ್ ತಾಗಿಸುವುದು. ತಾಗಿಸಿದಾಗ ಚಾನೆಲ್ ಬದಲಾಗಿ, ತೆಗೆದಾಗ ವಾಪಸ್ ಬಂದರೆ ಲ್ಯಾಚಿಂಗ್ ಬೇಕು. ತೆಗೆದ ಮೇಲೂ ಬದಲಾದ ಚಾನೆಲ್ಲೇ ಉಳಿದರೆ ಮೊಮೆಂಟರಿ. ಆದರೆ ತೂತಿನ ಹೆಸರು ಎರಡು ಸಲ ಓದಿ. ಹಿಂಭಾಗದಲ್ಲಿ ಸ್ಪೀಕರ್ ಔಟ್ ಕೂಡ ಅದೇ ಅಳತೆಯದ್ದು ಇರುತ್ತದೆ. ಅಲ್ಲಿ ಈ ಆಟ ಆಡಿದರೆ ಆಂಪೇ ಹೋಗಬಹುದು.

ಡಬ್ಬಿಯ ಮೇಲಿನ ಎಲ್‌ಇಡಿ ಇನ್ನೊಂದು ತಲೆನೋವು. ಬ್ಯಾಟರಿ ಇಲ್ಲದ ಡಬ್ಬಿಯಲ್ಲಿ ಅದಕ್ಕೆ ಆಂಪೇ ಕರೆಂಟ್ ಕೊಡಬೇಕು. ಕೆಲವು ಆಂಪ್ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಎಲ್‌ಇಡಿ ಸ್ವಿಚ್ಚಿನ ದಾರಿಯಲ್ಲೇ ಕೂತಿದ್ದರೆ ಒಂದಿಷ್ಟು ವೋಲ್ಟ್ ತಾನೇ ನುಂಗುತ್ತದೆ, ಕೆಲವು ಆಂಪ್‌ಗೆ ಒತ್ತಿದ್ದೇ ಗೊತ್ತಾಗುವುದಿಲ್ಲ. ಕತ್ತಲ ಸ್ಟೇಜಿನಲ್ಲಿ ಲೈಟ್ ಬೇಕು ಅನ್ನುತ್ತಾರೆ ಗಿಟಾರಿಸ್ಟ್‌ಗಳು, ಸರಿಯೇ. ಆದರೂ ಯಾವ ಆಂಪ್ ಅಂತ ಮೊದಲೇ ಗೊತ್ತಿಲ್ಲದಿದ್ದರೆ ನಾನು ಲೈಟ್ ಇಲ್ಲದ್ದನ್ನೇ ಕಳಿಸುತ್ತೇನೆ.

ಇಷ್ಟೂ ಬರೀ ಸ್ವಿಚ್ ಇರುವ ಡಬ್ಬಿಗಳ ಮಾತು. ಮಾರ್ಷಲ್ ಜೆವಿಎಂ410 ಆಂಪ್ ನೋಡಿ. ಆರು ಗುಂಡಿಯ ಡಬ್ಬಿ ಮಾಮೂಲಿ ಗಿಟಾರ್ ಕೇಬಲ್ಲಿನಲ್ಲೇ ಆಂಪ್‌ಗೆ ಸೇರುತ್ತದೆ. ಎರಡು ತಂತಿಯಲ್ಲಿ ಆರು ಗುಂಡಿ ಹೇಗೆ? ಒಳಗೆ ಸರ್ಕ್ಯೂಟ್ ಇದೆ, ಅದು ಆಂಪ್ ಜೊತೆ ತನ್ನದೇ ಭಾಷೆಯಲ್ಲಿ ಮಾತಾಡುತ್ತದೆ. ಇಂಥದ್ದಕ್ಕೆ ಅಗ್ಗದ ಬದಲಿ ಹುಡುಕುತ್ತಾ ಕೂರಬೇಡಿ, ಕಂಪನಿಯದ್ದೇ ತನ್ನಿ. ಓನರ್‌ಗೂ ಇದನ್ನೇ ಹೇಳಿದೆ, ಗೊಣಗುತ್ತಾ ಒಪ್ಪಿದರು.

ಸಾದಾ ಡಬ್ಬಿಯಾದರೆ ಕೊಳ್ಳಲೂಬೇಕಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಲ್ಲಿ ಗಟ್ಟಿ ಸ್ವಿಚ್ಚು, ಅಲ್ಯೂಮಿನಿಯಂ ಡಬ್ಬಿ, ಸ್ಟೀರಿಯೋ ಸಾಕೆಟ್ ಎಲ್ಲ ಸಿಗುತ್ತದೆ. ಕೇಬಲ್ ಡಬ್ಬಿಯೊಳಗೇ ಬೆಸುಗೆ ಹಾಕಿದ್ದಕ್ಕಿಂತ ಸಾಕೆಟ್ ಇರುವುದೇ ಒಳ್ಳೆಯದು. ಯಾರೋ ಎಡವಿ ಕೇಬಲ್ ಕಿತ್ತರೆ ಇನ್ನೊಂದು ಕೇಬಲ್ ಹಾಕಿದರಾಯಿತು, ಸೌಂಡ್‌ಚೆಕ್ ನಡುವೆ ಸೋಲ್ಡರಿಂಗ್ ಐರನ್ ಬಿಸಿ ಮಾಡುತ್ತಾ ಕೂರುವುದು ತಪ್ಪುತ್ತದೆ.