ಅಮ್ಮನ ಬದುಕು ಬರೆಯಲು ಕೂತಾಗ ಮೊದಲು ಮನೆಯಾಚೆ ವಿಚಾರಿಸಿ

ತುಂಬು ಬಾಳು ಬಾಳಿ ಹೋದ ತಾಯಿಯ ಬಗ್ಗೆ ಮಕ್ಕಳು ಬರೆದ ನೆನಪಿನ ಬರಹಗಳನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮನೆಯೊಳಗಿನ ಅಮ್ಮ ಪುಟಗಟ್ಟಲೆ ಇರುತ್ತಾರೆ. ಮನೆಯಾಚೆ ಇಪ್ಪತ್ತು ಮೂವತ್ತು ವರ್ಷ ಸಂಬಳವಿಲ್ಲದೆ ದುಡಿದ ಅದೇ ಅಮ್ಮ “ಸಮಾಜಸೇವೆಯಲ್ಲೂ ತಮ್ಮನ್ನು ತೊಡಗಿಸಿಕೊಂಡಿದ್ದರು” ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ. ಇದಕ್ಕೆ ಕಾರಣ ದಾಖಲೆಯ ಕೊರತೆ. ಸಂಬಳದ ನೌಕರಿಗೆ ನೇಮಕಾತಿ ಪತ್ರ, ಬಡ್ತಿ ಆದೇಶ, ನಿವೃತ್ತಿ ಕಾಗದ ಎಲ್ಲ ಇರುತ್ತವೆ. ಸ್ವಯಂಸೇವೆಗೆ ಹೆಚ್ಚೆಂದರೆ ಒಂದು ಪ್ರಮಾಣಪತ್ರ, ಒಂದು ಗುಂಪು ಫೋಟೊ. ಆಕೆ ಹೊರಗೆ ಏನೇನು ಮಾಡುತ್ತಿದ್ದರು ಎಂಬುದು ಮಕ್ಕಳಿಗಿಂತ ಜೊತೆಯಲ್ಲಿ ದುಡಿದವರಿಗೇ ಚೆನ್ನಾಗಿ ಗೊತ್ತು. ಅವರಿಗೂ ಈಗ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಹಾಗಾಗಿ ಆಲ್ಬಮ್ಮು, ಕಪಾಟು, ಹಳೆ ಪೆಟ್ಟಿಗೆ ಆಮೇಲಿರಲಿ, ಅವು ಇನ್ನಾರು ತಿಂಗಳು ಕಾಯುತ್ತವೆ. ಮೊದಲು ಮನುಷ್ಯರನ್ನು ಮಾತಾಡಿಸಿ.

ಯಾರನ್ನು? ಜೊತೆಗೆ ಸಮಿತಿಯಲ್ಲಿದ್ದವರು, ಅವರ ಕೈಕೆಳಗೆ ಕೆಲಸ ಕಲಿತವರು, ಅವರಿಂದ ಉಪಕಾರ ಪಡೆದವರು, ಮತ್ತು ಅವರೊಡನೆ ಜಗಳ ಆಡಿದವರು. ಕೊನೆಯವರನ್ನು ಬಿಡಬೇಡಿ. ಲೆಕ್ಕಪತ್ರದ ವಿಷಯಕ್ಕೆ ಪಟ್ಟು ಹಿಡಿದರು, ಸಭೆಯಿಂದ ಎದ್ದು ಹೋದರು ಎಂಬಂಥ ಮಾತು ಹೊಗಳುವವರ ಬಾಯಲ್ಲಿ ಬರುವುದಿಲ್ಲ. ಆದರೆ ಒಬ್ಬ ಮನುಷ್ಯ ಎಂಥವರು ಎಂದು ತಿಳಿಯುವುದು ಅಂಥ ಕಡೆಯೇ.

ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ಗಟ್ಟಿ ದನಿಯವರು ಮೊದಲು ಹೇಳಿದ್ದನ್ನೇ ಉಳಿದವರು ಹೌದು ಹೌದು ಎನ್ನುತ್ತಾರೆ. ಆಮೇಲೆ ಅದು ಅವರವರ ಸ್ವಂತ ನೆನಪಿನಂತೆಯೇ ಆಗಿಬಿಡುತ್ತದೆ. ಒಬ್ಬೊಬ್ಬರನ್ನೇ, ಮುಕ್ಕಾಲು ಗಂಟೆ ಮೀರದಂತೆ, ಅವರಿಗೆ ದಣಿವಿಲ್ಲದ ಹೊತ್ತಿನಲ್ಲಿ ಮಾತಾಡಿಸಿ. ಮಾತನ್ನು ರೆಕಾರ್ಡ್ ಮಾಡುವ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ತುಂಡಾಗುತ್ತದೆ. ಮೇಜಿನ ಮೇಲೆ ನೇರವಾಗಿ ಇಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ, ಕೆಳಗೆ ಮಡಿಸಿದ ಬಟ್ಟೆ ಹಾಕಿ. ಫ್ಯಾನ್ ಆರಿಸಿ. ಮೊದಲ ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿದ ಮೇಲೆಯೇ ಮುಂದುವರಿಯಿರಿ.

“ಅಮ್ಮ ಹೇಗಿದ್ದರು?” ಎಂಬ ಪ್ರಶ್ನೆಗೆ “ದೇವರಂಥವರು” ಎಂಬುದೊಂದೇ ಉತ್ತರ. ಅದರಿಂದ ಬರೆಯುವವರಿಗೆ ಏನೂ ಸಿಗುವುದಿಲ್ಲ. ಬದಲಿಗೆ: ಬಂದ ಕೂಡಲೇ ಮೊದಲು ಏನು ಮಾಡುತ್ತಿದ್ದರು? ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು? ಅವರು ಬಾರದ ದಿನ ಯಾವ ಕೆಲಸ ನಿಲ್ಲುತ್ತಿತ್ತು? ಯಾವುದಕ್ಕೆ ಸಿಟ್ಟಾಗುತ್ತಿದ್ದರು? ಇಂಥವಕ್ಕೆ ಉತ್ತರ ಕೊಡುವಾಗ ಜನ ಕೈ ಆಡಿಸತೊಡಗುತ್ತಾರೆ, ಆ ಕೋಣೆಯ ಬಾಗಿಲು ಎಲ್ಲಿತ್ತು ಎಂದು ತೋರಿಸುತ್ತಾರೆ. ಇಸವಿ ಕೇಳಿದರೆ ತಡಬಡಿಸುತ್ತಾರೆ; “ನಿಮ್ಮ ದೊಡ್ಡ ಮಗ ಆಗ ಶಾಲೆಗೆ ಹೋಗುತ್ತಿದ್ದನೇ?” ಎಂದರೆ ತಕ್ಷಣ ಹೇಳುತ್ತಾರೆ. ಇನ್ನೊಂದು ಮಾತು. ವಯಸ್ಸಾದವರಿಗೆ ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳೇ ಹೆಚ್ಚು ದಟ್ಟವಾಗಿರುತ್ತವೆ, ಇದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡುಕೊಂಡ ಸಂಗತಿ. ತಾಯಿ ಸೇವೆಗೆ ಇಳಿದದ್ದು ನಲವತ್ತರ ನಂತರವಾದರೆ ಆಗ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಕಿರಿಯರನ್ನು ಹುಡುಕಿ. ಓರಗೆಯವರಿಗಿಂತ ಅವರಿಗೇ ಹೆಚ್ಚು ನೆನಪಿರುವ ಸಾಧ್ಯತೆಯಿದೆ.

ಕೇಳಿದ್ದನ್ನೆಲ್ಲ ಅಕ್ಷರಕ್ಕೆ ಇಳಿಸಲು ಒಂದು ಗಂಟೆಯ ಮಾತಿಗೆ ನಾಲ್ಕು ಗಂಟೆಯಾದರೂ ಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಯಾವ ನಿಮಿಷದಲ್ಲಿ ಏನು ಹೇಳಿದರು ಎಂದು ಒಂದೊಂದು ಸಾಲು ಗುರುತು ಹಾಕಿಕೊಂಡರೂ ಸಾಕು.

ಮಾತಿನ ಜೊತೆಜೊತೆಗೇ ವರ್ಷದ ಪಟ್ಟಿಯೊಂದನ್ನು ಶುರು ಮಾಡಬೇಕು. ನಾಲ್ಕು ಕಾಲಂ: ಇಸವಿ, ಮನೆಯಲ್ಲಿ ಏನಾಯಿತು, ಹೊರಗೆ ಏನು ಮಾಡಿದರು, ಇದನ್ನು ಹೇಳಿದ್ದು ಯಾರು ಅಥವಾ ಯಾವ ಕಾಗದ. ನಾಲ್ಕನೆಯದನ್ನು ಬಿಟ್ಟವರು ಮೂರು ತಿಂಗಳ ನಂತರ ಒಂದೇ ಘಟನೆಗೆ ಎರಡು ಇಸವಿ ಎದುರಾದಾಗ ಕೈಕಟ್ಟಿ ಕೂರಬೇಕಾಗುತ್ತದೆ. ಕಾಗದಗಳಲ್ಲೂ ತರತಮ ಉಂಟು. ಮರಣ ಪ್ರಮಾಣಪತ್ರದಲ್ಲಿರುವ ಮರಣದ ದಿನಾಂಕವನ್ನು ನಂಬಬಹುದು. ಅದರಲ್ಲಿ ವಯಸ್ಸೂ ಇದ್ದರೆ ಅದನ್ನು ದುಃಖದಲ್ಲಿದ್ದ ಮನೆಯವರು ಯಾರೋ ಬಾಯಲ್ಲಿ ಹೇಳಿರಬಹುದು. ಘಟನೆ ನಡೆದಾಗಲೇ ಬರೆದದ್ದಕ್ಕೆ ಹೆಚ್ಚು ಬೆಲೆ, ಆಮೇಲೆ ನೆನಪಿನಿಂದ ಬರೆದದ್ದಕ್ಕೆ ಕಡಿಮೆ.

ವಯಸ್ಸಿನ ಲೆಕ್ಕದಲ್ಲೇ ತಪ್ಪುವವರು ಬಹಳ. 1936ರ ನವೆಂಬರಿನಲ್ಲಿ ಹುಟ್ಟಿ 2024ರ ಮಾರ್ಚಿನಲ್ಲಿ ತೀರಿಕೊಂಡವರಿಗೆ ತುಂಬಿದ್ದು 87, ನಡೆಯುತ್ತಿದ್ದದ್ದು 88. ಇಸವಿಯಲ್ಲಿ ಇಸವಿ ಕಳೆದು “88 ತುಂಬಿತ್ತು” ಎಂದು ಅಚ್ಚು ಹಾಕಿಸಿದರೆ ಅದೇ ತಪ್ಪು ಮುಂದೆ ಎಲ್ಲ ಕಡೆ ನಕಲಾಗುತ್ತದೆ.

ಈಗ ಸಂಸ್ಥೆಯ ಕಡೆಯ ಕಾಗದ. ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ರಸೀದಿಯ ಕೌಂಟರ್‌ಫಾಯಿಲ್, ವಾರ್ಷಿಕ ವರದಿ, ಸರದಿ ಪಟ್ಟಿ. ನಡಾವಳಿಯಲ್ಲಿ ಹೆಸರು ಹುಡುಕಿದರೆ ಸಾಲದು. ಪದಾಧಿಕಾರಿಗಳ ಹೆಸರಷ್ಟೇ ಅಲ್ಲಿರುತ್ತದೆ, ಕಸ ಗುಡಿಸಿ ಕುರ್ಚಿ ಹಾಕಿದವರ ಹೆಸರು ಇರುವುದಿಲ್ಲ. ಕೈಬರಹ ನೋಡಿ. ವಯಸ್ಕರಿಗೆ ಓದು ಕಲಿಸುವ ತರಗತಿಯ ಹಾಜರಿ ಪುಸ್ತಕ ಎಂದಿಟ್ಟುಕೊಳ್ಳೋಣ: ಪುಟಪುಟಕ್ಕೂ ಅಮ್ಮನದೇ ಅಕ್ಷರ, ಗೈರಾದವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ “ಮಗುವಿಗೆ ಜ್ವರ”, “ಕೆಲಸ ಬದಲಾಗಿದೆ, ರಾತ್ರಿ ಬರಬಹುದು” ಎಂಬ ಚಿಕ್ಕ ಟಿಪ್ಪಣಿ. ನಡುವೆ ಎರಡು ತಿಂಗಳು ಬೇರೆಯವರ ಅಕ್ಷರ. ಆಗ ವರ್ಷದ ಪಟ್ಟಿಯ ಎರಡನೇ ಕಾಲಂ ನೋಡಿ. ಆ ಎರಡು ತಿಂಗಳಲ್ಲಿ ಮನೆಯಲ್ಲಿ ಹೆರಿಗೆಯೋ, ಕಾಯಿಲೆಯೋ, ಸಾವೋ ಆಗಿರಬಹುದು. ಏನೂ ಆಗಿರದಿದ್ದರೆ ಅದೂ ಕೇಳಬೇಕಾದ ಪ್ರಶ್ನೆಯೇ. ತಾಯ್ತನ ಒಂದು ಅಧ್ಯಾಯ, ಸೇವೆ ಇನ್ನೊಂದು ಅಧ್ಯಾಯ ಎಂದು ಬರೆಯುವವರಿಗೆ ಇದು ಕಾಣುವುದಿಲ್ಲ. ಎರಡನ್ನೂ ಒಂದೇ ಕಾಲಕ್ರಮದಲ್ಲಿ ಬರೆದಾಗ ಆಕೆ ಯಾವುದಕ್ಕೆ ಯಾವುದನ್ನು ಬಿಟ್ಟುಕೊಟ್ಟರು ಎಂದು ತಾನಾಗಿ ತಿಳಿಯುತ್ತದೆ.

“ಸಾವಿರಾರು ಜನರ ಬಾಳು ಬೆಳಗಿದರು” ಎಂಬುದರ ಬದಲು ಗಂಟೆಯ ಲೆಕ್ಕ ಹಾಕಿ. ವಾರಕ್ಕೆ 2 ದಿನ, ದಿನಕ್ಕೆ 2 ಗಂಟೆ, ರಜೆ ಕಳೆದು ವರ್ಷಕ್ಕೆ 40 ವಾರ, 22 ವರ್ಷ ಎಂದರೆ 3,520 ಗಂಟೆ. ದಿನಕ್ಕೆ 8 ಗಂಟೆಯಂತೆ 440 ಪೂರ್ಣ ಕೆಲಸದ ದಿನ. ವಾರ ಎಷ್ಟು, ವರ್ಷ ಎಷ್ಟು ಎಂಬುದಕ್ಕೆ ಆಧಾರ ಇರಬೇಕು, ಅನುಮಾನ ಬಂದ ಕಡೆ ಕಡಿಮೆಯನ್ನೇ ಹಿಡಿಯಬೇಕು. ಕಡಿಮೆ ಹಿಡಿದರೂ ಬರುವ ಮೊತ್ತ ಸಣ್ಣದಲ್ಲ.

ಫೋಟೊಗಳಿಗೆ ಬಂದರೆ, ಅಂಟುಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಹಳೆ ಆಲ್ಬಮ್ಮುಗಳು ದೊಡ್ಡ ಶತ್ರು. ವರ್ಷ ಕಳೆದಂತೆ ಅಂಟು ಹಳದಿಯಾಗಿ ಗಟ್ಟಿಯಾಗುತ್ತದೆ, ಮೂಲೆ ಹಿಡಿದು ಎಳೆದರೆ ಚಿತ್ರದ ಪದರವೇ ಹರಿಯುತ್ತದೆ. ಬಿಡಿಸುವ ಮೊದಲು ಇಡೀ ಪುಟವನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿ. ಯಾವುದರ ಪಕ್ಕ ಯಾವುದು ಇತ್ತು ಎಂಬುದೂ ಮಾಹಿತಿಯೇ. ಆಮೇಲೆ ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನು ಫೋಟೊ ಮತ್ತು ಪುಟದ ನಡುವೆ ಗರಗಸದಂತೆ ಮೆಲ್ಲಗೆ ಆಡಿಸಿ. ಬಾರದಿದ್ದರೆ ಬಿಟ್ಟುಬಿಡಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನಂತೂ ಮುಟ್ಟಲೇಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.

4×6 ಇಂಚಿನ ಫೋಟೊ ಸ್ಕ್ಯಾನ್ ಮಾಡಲು 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು, 2400×3600 ಪಿಕ್ಸೆಲ್ ಸಿಗುತ್ತದೆ. ಪಾಸ್‌ಪೋರ್ಟ್ ಅಳತೆಯದಕ್ಕೆ 1200 ಇರಲಿ. ಹಿಂಬದಿಯಲ್ಲಿ ಬರಹ, ಸ್ಟುಡಿಯೋ ಮುದ್ರೆ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಬೇಕು. ಕಡತದ ಹೆಸರು ಇಸವಿಯಿಂದ ಶುರುವಾಗಲಿ, ಆಗ ತಾನಾಗಿ ಕಾಲಕ್ರಮದಲ್ಲಿ ಕೂರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಗುಂಪು ಫೋಟೊದಲ್ಲಿ ಯಾರು ಯಾರು ಎಂದು ಮೂಲ ಪ್ರತಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯುವುದು ಬೇಡ, ಮುಂಬದಿಗೆ ಒತ್ತು ಮೂಡುತ್ತದೆ. ಪ್ರಿಂಟ್ ತೆಗೆದು, ತಲೆತಲೆಗೂ ಸಂಖ್ಯೆ ಹಾಕಿ, ಹಿಂದಿನ ಸಾಲಿನಿಂದ ಎಡದಿಂದ ಬಲಕ್ಕೆ ಪಟ್ಟಿ ಮಾಡಿ. ಇದೇ ಪ್ರಿಂಟನ್ನು ಮಾತಾಡಿಸಲು ಹೋಗುವಾಗ ಕೈಯಲ್ಲಿಟ್ಟುಕೊಂಡರೆ ಮರೆತ ಹೆಸರುಗಳು ಹೊರಡುತ್ತವೆ.

ಬರೆಯಲು ಕೂತಾಗ ತ್ಯಾಗಮೂರ್ತಿ, ಸಹನೆಯ ಸಾಕಾರ, ಗಂಧದ ಕೊರಡಿನಂತೆ ತೇದ ಬದುಕು, ತುಂಬಲಾರದ ನಷ್ಟ ಇವೆಲ್ಲ ತಾವಾಗಿ ಪೆನ್ನಿಗೆ ಬಂದುಬಿಡುತ್ತವೆ. ಬಂದರೆ ಬರಲಿ, ಮೊದಲ ಕರಡಿನಲ್ಲಿ ತಡೆಯಬೇಡಿ. ಎರಡನೇ ಸಲ ಓದುವಾಗ ಅಂಥ ಪ್ರತಿ ಮಾತಿನ ಕೆಳಗೆ ಗೆರೆ ಎಳೆದು, ಅದರ ಜಾಗಕ್ಕೆ ಒಂದು ಕೆಲಸ ಬರೆಯಿರಿ. “ಎಲ್ಲರನ್ನೂ ತಮ್ಮವರಂತೆ ಕಂಡರು” ಎಂಬುದನ್ನು ಹೊಡೆದುಹಾಕಿ “ಹೊಸಬರು ಬಂದ ದಿನ ತಮ್ಮ ಕುರ್ಚಿ ಬಿಟ್ಟು ಅವರ ಪಕ್ಕ ನೆಲದ ಮೇಲೆ ಕೂರುತ್ತಿದ್ದರು” ಎಂದು ಬರೆದರೆ ವಿಶೇಷಣದ ಅಗತ್ಯವೇ ಬೀಳುವುದಿಲ್ಲ. ಅದು ನಿಜವಾಗಿ ನಡೆದದ್ದಾಗಿರಬೇಕು, ಅಷ್ಟೇ. ಅಂಥ ಒಂದು ಕೆಲಸ ಸಿಗದಿದ್ದರೆ ಆ ವಾಕ್ಯವನ್ನೇ ತೆಗೆಯಿರಿ. ಮನೆಯಲ್ಲಿ ಏಕವಚನದಲ್ಲಿ ಕರೆದು ಅಭ್ಯಾಸವಾದವರು ಬರಹದಲ್ಲಿ “ಬಂದಳು”, “ಬಂದರು” ಎರಡನ್ನೂ ಕಲಸಿಬಿಡುತ್ತಾರೆ. ಯಾವುದಾದರೂ ಒಂದು. ಅಣ್ಣತಮ್ಮ, ಅಕ್ಕತಂಗಿಯರು ಸೇರಿ ಬರೆಯುವುದಾದರೆ ಇದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಹೊರಗಿನ ಕೆಲಸಕ್ಕೆ ಅಷ್ಟು ಹೊತ್ತು ಕೊಟ್ಟ ತಾಯಿ ಮನೆಯಲ್ಲಿ ಇರದ ಹೊತ್ತೂ ಅಷ್ಟೇ ಇದ್ದಿರುತ್ತದೆ. ಮಕ್ಕಳಲ್ಲಿ ಯಾರಿಗಾದರೂ ಆ ಬಗ್ಗೆ ಮುನಿಸಿದ್ದರೆ ಮುಚ್ಚಿಡಬೇಕಾಗಿಲ್ಲ. ವಾರದ ಯಾವ ಸಂಜೆ ಅವರು ಇರುತ್ತಿರಲಿಲ್ಲ, ಆ ಸಂಜೆ ಚಿಕ್ಕವರನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಬರೆದರೆ ಸಾಕು. ಹಾಗೆ ನೋಡಿಕೊಂಡ ಹಿರಿಮಗಳಿಗೋ ಅತ್ತೆಗೋ ಸಲ್ಲಬೇಕಾದ ಸಾಲು ಕೂಡ ಆಗ ಸಿಗುತ್ತದೆ. ಸಂಸ್ಥೆಯ ಕೀರ್ತಿಯನ್ನೂ ಹೀಗೇ ಹಂಚಬೇಕು. “ಸ್ಥಾಪಿಸಿದರು” ಎನ್ನುವ ಮೊದಲು ಸ್ಥಾಪಕರು ಎಷ್ಟು ಜನ ಎಂದು ನೋಡಿ. ಐವರಿದ್ದರೆ “ಐವರಲ್ಲಿ ಒಬ್ಬರು” ಎನ್ನಿ. ಇಲ್ಲವಾದರೆ ಉಳಿದ ನಾಲ್ಕು ಮನೆಯವರು ನೊಂದುಕೊಳ್ಳುತ್ತಾರೆ. ನೆರವು ಪಡೆದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕಾಯಿಲೆ, ಸಾಲ, ಮನೆಯೊಳಗಿನ ಹಿಂಸೆಯ ವಿಷಯವಾದರೆ ಗುರುತು ಸಿಗುವ ವಿವರವೂ ಬೇಡ.

ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಮರಿಮಕ್ಕಳ ಹೆಸರಿನ ಪಟ್ಟಿಯನ್ನು ಇಬ್ಬರು ಬೇರೆ ಬೇರೆಯಾಗಿ ತಯಾರಿಸಿ ತಾಳೆ ನೋಡಬೇಕು. ತೀರಿಕೊಂಡ ಮಕ್ಕಳ ಹೆಸರು ಬಿಟ್ಟುಹೋಗುವುದು ಇಲ್ಲೇ. ಸಭೆಯಲ್ಲಿ ಓದುವುದಾದರೆ ಐದು ನಿಮಿಷಕ್ಕೆ 400 ಪದ ಮೀರದಿರಲಿ, ಗಂಟಲು ಕಟ್ಟಿ ನಿಲ್ಲಬೇಕಾದ ಹೊತ್ತೂ ಅದರಲ್ಲೇ ಸೇರುತ್ತದೆ. ಅಂತರ್ಜಾಲಕ್ಕೆ ಹಾಕುವಾಗ ಹುಟ್ಟಿದ ಇಸವಿ ಸಾಕು, ಪೂರ್ತಿ ದಿನಾಂಕ, ಮನೆ ವಿಳಾಸ ಬೇಡ. ಆಕೆಯ ತವರಿನ ಅಡ್ಡಹೆಸರೂ ಬೇಡ, ಮಕ್ಕಳ ಬ್ಯಾಂಕ್ ಖಾತೆಯ ಭದ್ರತಾ ಪ್ರಶ್ನೆಗೆ ಅದೇ ಉತ್ತರವಾಗಿರಬಹುದು. ಎಲ್ಲರೂ ಮನೆ ಬಿಟ್ಟು ಹೋಗಿರುವ ದಿನ, ಸಮಯವನ್ನು ಮುಂಚಿತವಾಗಿ ಸಾರುವುದೂ ಒಳ್ಳೆಯದಲ್ಲ.

ಅಚ್ಚಿಗೆ ಕೊಡುವ ಮೊದಲು ಕರಡನ್ನು ಮಾತು ಕೊಟ್ಟವರಿಗೆಲ್ಲ ಕಳಿಸಿ. ಕಣ್ಣು ಸರಿಯಿಲ್ಲದವರಿಗೆ ಫೋನಿನಲ್ಲಿ ಓದಿ ಹೇಳಿ, ಅವರಿಗೆ ಸಂಬಂಧಿಸಿದ ಭಾಗವಷ್ಟೇ ಆದರೂ ಸರಿ. ತಿದ್ದುಪಡಿಯ ಜೊತೆ ಹೊಸ ವಿಷಯವೂ ಬರುತ್ತದೆ, ಅದಕ್ಕೆ ಎರಡು ವಾರ ಬಿಡಿ. ಮುಗಿದ ಮೇಲೆ ರೆಕಾರ್ಡಿಂಗು, ಸ್ಕ್ಯಾನು, ವರ್ಷದ ಪಟ್ಟಿ ಮೂರನ್ನೂ ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರುವವರ ಹತ್ತಿರ ಇರಲಿ. ಆಕೆ ದುಡಿದ ಸಂಸ್ಥೆಗೂ ಬರಹದ ಒಂದು ಮುದ್ರಿತ ಪ್ರತಿ ಕೊಡಿ. ಪುಟದ ಕೆಳಗೆ ಬರೆದ ತಿಂಗಳು, ಇಸವಿ ನಮೂದಿಸಿ, ಹಿಂದೆ ನಾಲ್ಕು ಖಾಲಿ ಹಾಳೆ ಸೇರಿಸಿ ಹೊಲಿಸಿದರೆ ಅಲ್ಲಿನವರು ತಮಗೆ ಗೊತ್ತಿದ್ದದ್ದನ್ನು ಅದರಲ್ಲೇ ಬರೆಯಬಹುದು.