ಹಾಡು, ಸಾಹಿತ್ಯದಾಗ ರಾಜಕೀಯ ಯಾಕ ತರ್ತೀರಿ?

"ಅಕ್ಕಾರ, ಚಲೋ ಬರೀತೀರಿ. ಆದ್ರ ಹಾಡು, ಸಾಹಿತ್ಯದಾಗೂ ಜಾತಿ, ರಾಜಕೀಯ ಯಾಕ ತರ್ತೀರಿ?"

ಧಾರವಾಡದಲ್ಲಿ ಯಾವ ಕಾರ್ಯಕ್ರಮಕ್ಕೆ ಹೋದರೂ ಚಹಾ ಹೊತ್ತಿಗೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ನಾನು ತರೋದು ಏನಿದೆ? ನಾನು ಹೋಗುವ ಮೊದಲೇ ಅದು ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತದೆ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನೇ ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಚಿಕ್ಕವರಿದ್ದಾಗ ನೆರೆಯ ಬ್ರಾಹ್ಮಣರ ತೋಟದಲ್ಲಿ ಮಾವಿನಹಣ್ಣು ಕದ್ದು ಸಿಕ್ಕಿಬಿದ್ದದ್ದನ್ನು ಗಂಗೂಬಾಯಿಯವರೇ ಹೇಳಿಕೊಂಡಿದ್ದಾರೆ. ಹಣ್ಣು ಹೋದದ್ದಕ್ಕಿಂತ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಅಂತ ಆ ಮನೆಯವರಿಗೆ ಸಿಟ್ಟು. ದೊಡ್ಡ ಹೆಸರು ಬಂದ ಮೇಲೆ ಅದೇ ಜನ ಮನೆಗೆ ಕರೆದು ಊಟ ಬಡಿಸಿದರು. 2002ರಲ್ಲಿ ಪದ್ಮವಿಭೂಷಣ ಬಂತು. ಈಗ ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಗುರುಕುಲವಿದೆ. ಭಾಷಣಗಳಲ್ಲಿ ಎಲ್ಲರಿಗೂ "ನಮ್ಮ ಗಂಗೂಬಾಯಿ". ಸವಾಯಿ ಗಂಧರ್ವರ ಹತ್ತಿರ ಕಲಿಯಲು ಕುಂದಗೋಳಕ್ಕೆ ರೈಲಿನಲ್ಲಿ ಹೋಗುತ್ತಿದ್ದದ್ದು ಖಂಡಿತ ಬರುತ್ತದೆ. ಮಾವಿನಹಣ್ಣಿನ ಮಾತು ನಾನು ಎತ್ತಿದರೆ ಮಾತ್ರ ರಾಜಕೀಯ. ಬಿಟ್ಟವರದು ಸಂಗೀತಸೇವೆ!

ಹಾವೇರಿಯಲ್ಲಿ 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮುಖ್ಯ ವೇದಿಕೆಗೆ ಕನಕ–ಶರೀಫ–ಸರ್ವಜ್ಞ ಅಂತ ಹೆಸರು. ಮುಸ್ಲಿಂ ಲೇಖಕರನ್ನು ಕಡೆಗಣಿಸಿದ್ದಾರೆ ಎಂದು ಹಲವು ಸಾಹಿತಿಗಳು ಸಿಟ್ಟಾದರು. ಜನವರಿ 8ರಂದು ಬೆಂಗಳೂರಿನಲ್ಲಿ ಬೇರೆಯೇ ಜನಸಾಹಿತ್ಯ ಸಮ್ಮೇಳನ ಮಾಡಿದರು. ಆರೋಪವನ್ನು ಹಾವೇರಿ ಸಮ್ಮೇಳನದ ಸಂಘಟಕರು ಒಪ್ಪಲಿಲ್ಲ. ಸರಿ, ಆಹ್ವಾನಿತರ ಪಟ್ಟಿ ಇಟ್ಟುಕೊಂಡು ವಾದ ಮಾಡಬಹುದಿತ್ತು. ಇಲ್ಲಿ ನಮ್ಮ ಕಡೆ ನನಗೆ ಸಿಕ್ಕ ಉತ್ತರ ಬೇರೆ: "ವೇದಿಕೆಗೆ ಶರೀಫಜ್ಜನ ಹೆಸರೇ ಇಟ್ಟಾರಲ್ರಿ, ಇನ್ನೇನ್ ಬೇಕು?" ತೀರಿಹೋದ ಶರೀಫಜ್ಜ ಎಲ್ಲರಿಗೂ ಬೇಕು. ಈಗ ಬರೆಯುತ್ತಿರುವವರು ಮೈಕ್ ಕೇಳಿದರೆ ಕಷ್ಟ.

ಇನ್ನು ಆಮಂತ್ರಣ ಪತ್ರಿಕೆ. ನನಗೆ ಇದನ್ನು ಓದುವ ಚಟ ಜಾಸ್ತಿ. ಮೇಲೆ ದಿವ್ಯ ಸಾನ್ನಿಧ್ಯ, ಆಮೇಲೆ ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು. ಪ್ರತಿ ಹೆಸರಿಗೂ ಮುಂದೊಂದು ಶ್ರೀ, ಹಿಂದೊಂದು ಹುದ್ದೆ. ಪ್ರಾರ್ಥನೆ ಹಾಡುವ ಹುಡುಗಿಗೂ "ಕುಮಾರಿ" ಇರುತ್ತದೆ. ಕೆಳಗೆ ಒಂದೇ ಸಾಲು: "ಮೆರವಣಿಗೆ – ವಿವಿಧ ಕಲಾ ತಂಡಗಳಿಂದ". ಆ ತಂಡಗಳಲ್ಲಿ ಬಿಸಿಲಲ್ಲಿ ಜಗ್ಗಲಗಿ ಬಾರಿಸುವವರು, ಹಲಗಿ ಬಡಿಯುವವರು, ಡೊಳ್ಳು ಕಟ್ಟಿಕೊಂಡು ಕುಣಿಯುವವರು ಇರುತ್ತಾರೆ. ಒಬ್ಬರಿಗೂ ಹೆಸರಿಲ್ಲ. ಮೆರವಣಿಗೆ ಸಭಾಭವನದ ಬಾಗಿಲಿಗೆ ಬಂತೆಂದರೆ ಅವರ ಕೆಲಸ ಮುಗಿಯಿತು. ಒಳಗೆ ಜಾನಪದದ ಹಿರಿಮೆಯ ಮೇಲೆ ಉಪನ್ಯಾಸ ಶುರುವಾಗುತ್ತದೆ, ಅವರು ಹೊರಗೆ ಟಂಟಂ ಹತ್ತುತ್ತಾರೆ. ಇದನ್ನು ಯಾರೂ ದ್ವೇಷದಿಂದ ಮಾಡುವುದಿಲ್ಲ, ನಿಜ. ಹೋದ ವರ್ಷದ ಪತ್ರಿಕೆ ಮುಂದಿಟ್ಟುಕೊಂಡು ಹೆಸರು, ತಾರೀಖು ಬದಲಿಸಿ ಪ್ರೆಸ್ಸಿಗೆ ಕೊಡುತ್ತಾರೆ, ಅಷ್ಟೇ. ನನಗೆ ದ್ವೇಷಕ್ಕಿಂತ ಈ ರೂಢಿಯ ಚಿಂತೆಯೇ ಹೆಚ್ಚು. ದ್ವೇಷಕ್ಕೆ ಎದುರು ಮಾತಾಡಬಹುದು. "ಮೊದಲಿಂದ ಹಿಂಗ ಐತ್ರಿ" ಅನ್ನುವವರಿಗೆ ಏನು ಹೇಳುವುದು?

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ತಯಾರಿರುತ್ತದೆ: "ಹಂಗಾದ್ರ ಹಾಡಿಗೂ ಮೀಸಲಾತಿ ಬೇಕೇನ್ರಿ?" ಅದನ್ನು ಆಮೇಲೆ ಜಗಳ ಆಡೋಣ. ಈ ಸಲ ಜಗ್ಗಲಗಿ ತಂಡದವರ ಹೆಸರು ಅಚ್ಚು ಹಾಕಿಸಿ, ಗೌರವಧನ ಅದೇ ದಿನ ಕೈಗೆ ಕೊಡಿ, ಒಳಗೆ ನಾಲ್ಕು ಕುರ್ಚಿ ಜಾಸ್ತಿ ಹಾಕಿ.